ತೋಟ ಯಾವುದು, ಕಾನು ಯಾವುದು: ಮಲೆನಾಡಿನ ಹೋಬಳಿಯೊಂದರ ಭೂಹೊದಿಕೆ ನಕ್ಷೆ ಮಾಡುವ ಬಗೆ

ಭೂಗೋಳ, ಪರಿಸರ ವಿಜ್ಞಾನ, ಭೂವಿಜ್ಞಾನ ಓದುವ ವಿದ್ಯಾರ್ಥಿಗಳು ಪ್ರಾಜೆಕ್ಟ್ ಹೊತ್ತಿಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮ್ಮ ಹೋಬಳಿಯ ಉಪಗ್ರಹ ಚಿತ್ರ ಇಳಿಸಿಕೊಂಡೆವು, ವರ್ಗೀಕರಣವನ್ನೂ ಮಾಡಿದೆವು. ಆದರೆ ಅಡಿಕೆ ತೋಟವೆಲ್ಲ ಕಾಡು ಅಂತ, ಕಾಡೆಲ್ಲ ತೋಟ ಅಂತ ಬರುತ್ತಿದೆ. ಸಾಫ್ಟ್‌ವೇರ್‌ನಲ್ಲಿ ಎಲ್ಲಿ ತಪ್ಪಿದೆವು?"

ವರ್ಗೀಕರಣ ಎಂದರೆ ಚಿತ್ರದ ಒಂದೊಂದು ಚೌಕವೂ ಕಾಡೋ, ತೋಟವೋ, ಗದ್ದೆಯೋ ಎಂದು ಕಂಪ್ಯೂಟರ್‌ನಿಂದ ವಿಂಗಡಿಸುವುದು. ಬಹುಪಾಲು ತಪ್ಪು ಸಾಫ್ಟ್‌ವೇರ್ ತೆರೆಯುವ ಮೊದಲೇ ಆಗಿರುತ್ತದೆ. ಚಿತ್ರದ ತಾರೀಖು ಆರಿಸುವಲ್ಲಿ ಒಂದು, ನೆಲದ ಮೇಲೆ ಮಾದರಿ ಹಿಡಿಯುವಲ್ಲಿ ಇನ್ನೊಂದು. ಬಯಲುಸೀಮೆಗೆ ಬರೆದ ಪಾಠವನ್ನು ತೀರ್ಥಹಳ್ಳಿಗೋ ಹೊಸನಗರಕ್ಕೋ ಹಾಗೇ ಅಂಟಿಸಿದರೆ ನಡೆಯುವುದಿಲ್ಲ. ಇಲ್ಲಿ ವರ್ಷದ ಬಹುಪಾಲು ಎಲ್ಲವೂ ಹಸಿರು. ಹಸಿರಿನೊಳಗಿನ ಹಸಿರನ್ನು ಬೇರೆ ಮಾಡುವುದೇ ಕೆಲಸ. ಆದ್ದರಿಂದ ಕೆಳಗಿನ ಹಂತಗಳಲ್ಲಿ 2 ಮತ್ತು 5ನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದೆ. ಉಳಿದವನ್ನು ಲ್ಯಾಬ್‌ನಲ್ಲಿ ಒಂದೆರಡು ದಿನದಲ್ಲಿ ಮುಗಿಸಬಹುದು.

ಬೇಕಾಗುವುದು

16 ಜಿಬಿ ರ್‍ಯಾಮ್ ಇರುವ ಕಂಪ್ಯೂಟರ್, 50 ಜಿಬಿ ಖಾಲಿ ಜಾಗ, ನಕ್ಷೆ ಮಾಡಲು ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶ ಮತ್ತು ಅದರೊಳಗೆ ಹಾಕಿಕೊಳ್ಳುವ ಸೆಮಿ-ಆಟೊಮ್ಯಾಟಿಕ್ ಕ್ಲಾಸಿಫಿಕೇಶನ್ ಪ್ಲಗಿನ್ (ಲ್ಯಾಬ್‌ನಲ್ಲಿ ಎಲ್ಲರೂ ಎಸ್‌ಸಿಪಿ ಎನ್ನುತ್ತಾರೆ). ಮೊಬೈಲ್‌ನಲ್ಲಿ ನಿಂತ ಜಾಗದ ಬಿಂದು ಹಾಕುವ ಕ್ಯೂಫೀಲ್ಡ್ ಮತ್ತು ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್. ಹೋಬಳಿ ಗಡಿ ರಾಜ್ಯದ ಕೆ-ಜಿಐಎಸ್ ಜಾಲತಾಣದಲ್ಲಿದೆ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ ಒಂದಿದ್ದರೆ ಊರು, ಹಳ್ಳಗಳ ಹೆಸರು ಗುರುತಿಸಲು ಅನುಕೂಲ. ಹಳೆಯ ಸಂಖ್ಯಾಕ್ರಮದಲ್ಲಿ ಶಿವಮೊಗ್ಗ, ತೀರ್ಥಹಳ್ಳಿ 48 ಒ ಗುಂಪಿಗೆ, ಸಾಗರ 48 ಎನ್ ಗುಂಪಿಗೆ ಬರುತ್ತವೆ.

ಕೆಲಸದ ಫೋಲ್ಡರ್‌ಗೆ ಕನ್ನಡದ ಹೆಸರಾಗಲಿ, ನಡುವೆ ಖಾಲಿ ಜಾಗವಾಗಲಿ ಬೇಡ. ಪ್ಲಗಿನ್‌ಗಳು ಕಾರಣ ಹೇಳದೆ ನಿಂತುಹೋಗುವುದಕ್ಕೆ ಅರ್ಧ ಸಲ ಇದೇ ಕಾರಣ.

ಹಂತ 1: ಯಾವ ವರ್ಗಗಳು ಎಂದು ಮೊದಲು ಬರೆದಿಡಿ

ಪಠ್ಯದಲ್ಲಿರುವ "ಅರಣ್ಯ, ಕೃಷಿ, ನೀರು, ಕಟ್ಟಡ, ಬರಡು" ಎಂಬ ಐದು ವರ್ಗ ಇಲ್ಲಿ ಸಾಲದು. ಮಲೆನಾಡಿನವರು ತಮ್ಮ ನೆಲಕ್ಕೆ ಇಟ್ಟ ಹೆಸರುಗಳಿಂದ ಶುರುಮಾಡಿ: ಕಾನು (ನಿತ್ಯಹಸಿರಿನ ದಟ್ಟ ಕಾಡು), ಎಲೆ ಉದುರುವ ಕಾಡು, ಅಕೇಶಿಯ ಅಥವಾ ನೀಲಗಿರಿ ನೆಡುತೋಪು, ಫಸಲಿಗೆ ಬಂದ ಅಡಿಕೆ ತೋಟ, ಎಳೆ ತೋಟ, ಗದ್ದೆ, ಬ್ಯಾಣ (ಹುಲ್ಲುಗಾವಲು), ನೀರು, ಮನೆ-ರಸ್ತೆ-ಕ್ವಾರಿ. ಒಂಬತ್ತಾಯಿತು, ಇಷ್ಟು ಸಾಕು.

ಎಳೆ ತೋಟವನ್ನು ಬೇರೆ ಇಡುವುದಕ್ಕೆ ಕಾರಣವಿದೆ. ಗಿಡ ನೆಟ್ಟು ನಾಲ್ಕೈದು ವರ್ಷದವರೆಗೆ ಮೇಲಿಂದ ಕಾಣುವುದು ಬಾಳೆ, ಕಳೆ ಮತ್ತು ಮಣ್ಣು. ಅಡಿಕೆಯ ತಲೆ ಇನ್ನೂ ಕೂಡಿಕೊಂಡಿರುವುದಿಲ್ಲ. ಇದನ್ನು ಫಸಲಿನ ತೋಟದ ಮಾದರಿಯೊಂದಿಗೆ ಬೆರೆಸಿದರೆ ಗದ್ದೆ, ಕಾಡು ಎರಡೂ ತೋಟದೊಳಕ್ಕೆ ನುಗ್ಗುತ್ತವೆ.

ಸೊಪ್ಪಿನಬೆಟ್ಟವನ್ನು ವರ್ಗವಾಗಿ ಇಡಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಅದು ತೋಟಿಗರಿಗೆ ಸೊಪ್ಪು, ದರಗು ತರಲು ಇರುವ ಹಕ್ಕಿನ ಹೆಸರು. ನೆಲದ ಮೇಲೆ ಅದು ದಟ್ಟ ಕಾಡಾಗಿರಬಹುದು, ಸೊಪ್ಪು ಕಡಿದು ಬೋಳಾದ ಮರಗಳಿರಬಹುದು, ಬ್ಯಾಣವೂ ಆಗಿರಬಹುದು. ಉಪಗ್ರಹಕ್ಕೆ ಕಾಣುವುದು ನೆಲವನ್ನು ಏನು ಹೊದ್ದಿದೆ ಎಂಬುದು, ಅಂದರೆ ಭೂಹೊದಿಕೆ. ಆ ನೆಲವನ್ನು ಯಾರು ಯಾವುದಕ್ಕೆ ಬಳಸುತ್ತಾರೆ ಎಂಬ ಭೂಬಳಕೆ ಅದಕ್ಕೆ ಕಾಣುವುದಿಲ್ಲ. ಪ್ರಬಂಧದ ಶೀರ್ಷಿಕೆಯಲ್ಲಿ ಎರಡನ್ನೂ ಸೇರಿಸಿ ಬರೆದು ಮೌಖಿಕ ಪರೀಕ್ಷೆಯಲ್ಲಿ ತಡವರಿಸುವವರು ಬಹಳ.

ಹಂತ 2: ಚಿತ್ರ ಮತ್ತು ತಾರೀಖು

ಐರೋಪ್ಯ ಒಕ್ಕೂಟದ ಸೆಂಟಿನೆಲ್-2 ಚಿತ್ರಗಳು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಉಚಿತ, ಖಾತೆ ತೆರೆದರೆ ಸಾಕು. ಮೊದಲ ಉಪಗ್ರಹ ಹಾರಿದ್ದು 2015ರ ಜೂನ್‌ನಲ್ಲಿ, ಎರಡನೆಯದು 2017ರ ಮಾರ್ಚ್‌ನಲ್ಲಿ. 2025ರ ಜನವರಿಯಲ್ಲಿ ಮೊದಲನೆಯದರ ಜಾಗಕ್ಕೆ ಮೂರನೆಯದು ಬಂತು. ಯಾವಾಗಲೂ ಎರಡು ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುತ್ತವೆ. ಬೆಳಕನ್ನು 13 ಪಟ್ಟಿಗಳಾಗಿ ಅಳೆಯುತ್ತವೆ. ಈ ಪಟ್ಟಿಗಳಿಗೆ ಬ್ಯಾಂಡ್ ಎನ್ನುತ್ತಾರೆ. ಬಿ2, ಬಿ3, ಬಿ4, ಬಿ8 ಬ್ಯಾಂಡ್‌ಗಳಲ್ಲಿ ಪಿಕ್ಸೆಲ್, ಅಂದರೆ ಚಿತ್ರದ ಒಂದು ಚೌಕ, 10 ಮೀಟರ್. ಬಿ5, ಬಿ6, ಬಿ7, ಬಿ8ಎ, ಬಿ11, ಬಿ12ರಲ್ಲಿ 20 ಮೀಟರ್. ಉಳಿದ ಮೂರು 60 ಮೀಟರಿನವು ನಮಗೆ ಬೇಡ.

10 ಮೀಟರ್ ಚೌಕ ಎಂದರೆ 100 ಚದರ ಮೀಟರ್, ಹೆಚ್ಚೂಕಡಿಮೆ ಒಂದು ಗುಂಟೆ. ಇದನ್ನು ನೆನಪಿಟ್ಟುಕೊಂಡರೆ ಯಾವ ಚಿತ್ರ ಬೇಕು ಎಂದು ನೀವೇ ತೀರ್ಮಾನಿಸಬಹುದು. ಇಸ್ರೋದ ಲಿಸ್-3 ಚಿತ್ರದ 23.5 ಮೀಟರ್ ಪಿಕ್ಸೆಲ್ ಐದೂವರೆ ಗುಂಟೆ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ ಸುಮಾರು ಒಂಬತ್ತು ಗುಂಟೆ. ಎರಡು ಗುಡ್ಡಗಳ ನಡುವೆ 40 ಮೀಟರ್ ಅಗಲಕ್ಕೆ ಹರಿದ ತೋಟಕ್ಕೆ ಲ್ಯಾಂಡ್‌ಸ್ಯಾಟ್ ಒರಟಾಯಿತು. 2015ಕ್ಕೂ ಹಿಂದಿನ ನಕ್ಷೆ ಬೇಕಿದ್ದರೆ ಮಾತ್ರ ಅದರ ಮೊರೆ ಹೋಗಿ.

ಹುಡುಕುವಾಗ ಎಲ್2ಎ ಮಟ್ಟದ ಚಿತ್ರವನ್ನೇ ಆರಿಸಿ, ಅದರಲ್ಲಿ ವಾತಾವರಣದ ಮಬ್ಬನ್ನು ಮೊದಲೇ ಕಳೆದಿರುತ್ತಾರೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಪಟ್ಟಣಗಳು ಟಿ43ಪಿಇಆರ್ ಎಂಬ ಸೆಂಟಿನೆಲ್ ಹಾಳೆಯಲ್ಲಿ (ಟೈಲ್) ಇವೆ. ಲಿಂಗನಮಕ್ಕಿ ಅಣೆಕಟ್ಟೆ ಪಕ್ಕದ ಟಿ43ಪಿಡಿಆರ್‌ನಲ್ಲಿದೆ. ಸಾಗರ ತಾಲ್ಲೂಕಿನ ಪಶ್ಚಿಮಕ್ಕೆ ಕೆಲಸ ಮಾಡುವವರು ಎರಡನ್ನೂ ಇಳಿಸಿಕೊಳ್ಳಬೇಕು, ಅದೂ ಒಂದೇ ತಾರೀಖಿನವನ್ನು. ಒಂದೊಂದು ಫೈಲ್ ಸುಮಾರು 1 ಜಿಬಿ. ಫೈಲಿನ ಹೆಸರಿನಲ್ಲಿರುವ ಸಮಯ ನಮ್ಮದಲ್ಲ. ಅದಕ್ಕೆ 5 ಗಂಟೆ 30 ನಿಮಿಷ ಸೇರಿಸಿದರೆ ನಮ್ಮ ಗಡಿಯಾರಕ್ಕೆ ಬರುತ್ತದೆ, ಬೆಳಗಿನ 11ರ ಆಸುಪಾಸು.

ಈಗ ತಾರೀಖು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ, ಆ ತಿಂಗಳುಗಳನ್ನು ಬಿಟ್ಟುಬಿಡಿ. ಉಳಿದ ಅವಧಿಯಲ್ಲಿ ಒಂದು ಚಿತ್ರ ಸಾಲದು, ಎರಡು ಬೇಕು.

ಮೊದಲನೆಯದು ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲ ವಾರದ್ದು. ಭತ್ತದ ಕೊಯ್ಲು ಮುಗಿದು ಗದ್ದೆಯಲ್ಲಿ ಕೂಳೆ ಮಾತ್ರ ಇರುತ್ತದೆ. ಮತ್ತಿ, ಹೊನ್ನೆ, ನಂದಿ, ತೇಗದಲ್ಲಿ ಎಲೆ ಇನ್ನೂ ಇರುತ್ತದೆ. ಎರಡನೆಯದು ಫೆಬ್ರುವರಿ ಕೊನೆಯದ್ದು. ಆ ಹೊತ್ತಿಗೆ ಎಲೆ ಉದುರುವ ಕಾಡು ಬೋಳಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ, ಬ್ಯಾಣ ಒಣಗಿರುತ್ತದೆ. ಕಾನು, ನೆಡುತೋಪು ಮತ್ತು ನೀರುಣಿಸಿದ ತೋಟ ಮಾತ್ರ ಹಸಿರಾಗಿ ಉಳಿಯುತ್ತವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂಬುದನ್ನು ಕಂಪ್ಯೂಟರ್ ಹಿಡಿಯುತ್ತದೆ. ಗೊಂದಲ ಆಗ ಮೂರು ಹಸಿರುಗಳ ನಡುವೆ ಮಾತ್ರ ಉಳಿಯುತ್ತದೆ.

ಫೆಬ್ರುವರಿ ಚಿತ್ರಕ್ಕೆ ಇನ್ನೊಂದು ಲಾಭವಿದೆ. ಡಿಸೆಂಬರ್ ಕೊನೆಯಲ್ಲಿ ಉಪಗ್ರಹ ಹಾಯುವ ಹೊತ್ತಿಗೆ ಸೂರ್ಯ ಇರುವುದು ದಿಗಂತದಿಂದ ಸುಮಾರು 47 ಡಿಗ್ರಿ ಎತ್ತರದಲ್ಲಿ, ಆಗ್ನೇಯದ ಕಡೆ. ಕಡಿದಾದ ಗುಡ್ಡಗಳ ವಾಯವ್ಯ ಇಳಿಜಾರು ನೆರಳಲ್ಲಿ ಬೀಳುತ್ತದೆ. ಫೆಬ್ರುವರಿ ಕೊನೆಗೆ ಸೂರ್ಯ ಸುಮಾರು 58 ಡಿಗ್ರಿಗೆ ಏರಿರುತ್ತಾನೆ, ನೆರಳು ಕುಗ್ಗುತ್ತದೆ.

ಮಾರ್ಚ್‌ಗೆ ಹೋದರೆ ಬೇರೆ ತೊಂದರೆ. ನೆಲಬೆಂಕಿ ಬಿದ್ದ ಬ್ಯಾಣ ಕಪ್ಪಗೆ ಕಂಡು ನೀರು ಎಂದೋ ನೆರಳು ಎಂದೋ ಮೋಸ ಮಾಡುತ್ತದೆ. ಅನುಮಾನ ಬಂದರೆ ಬಿ12 ಬ್ಯಾಂಡ್ ನೋಡಿ. ನೀರು ಅದರಲ್ಲೂ ಕಪ್ಪು, ಸುಟ್ಟ ನೆಲ ಅಲ್ಲಿ ಬೆಳ್ಳಗೆ ಕಾಣುತ್ತದೆ.

ಹಿನ್ನೀರಿನ ಊರುಗಳವರಿಗೆ ಒಂದು ಮಾತು. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಬೇಸಿಗೆಗೆ ನೀರು ಇಳಿದಂತೆ ದಂಡೆಯ ನೆಲ ತೇಲಿ, ಹುಲ್ಲು ಚಿಗುರಿ ಬ್ಯಾಣದ ಹಾಗೆ ಕಾಣುತ್ತದೆ. "ನೀರಿನ ವಿಸ್ತೀರ್ಣ ಇಷ್ಟು" ಎಂದು ಬರೆಯುವಾಗ ಪಕ್ಕದಲ್ಲೇ ಚಿತ್ರದ ತಾರೀಖು ಇರಲೇಬೇಕು.

ಹಂತ 3: ಸಂಖ್ಯೆಗಳನ್ನು ಸರಿಪಡಿಸುವುದು

ಪಿಕ್ಸೆಲ್‌ನಲ್ಲಿರುವ ಸಂಖ್ಯೆಯನ್ನು 10,000ದಿಂದ ಭಾಗಿಸಿದರೆ ಪ್ರತಿಫಲನ, ಅಂದರೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಮರಳಿತು ಎಂಬುದು ಸಿಗುತ್ತದೆ ಎಂದು ಹಳೆಯ ಪಾಠಗಳು ಹೇಳುತ್ತವೆ. 2022ರ ಜನವರಿ 25ರಿಂದ ಹೊಸ ಸಂಸ್ಕರಣೆಯಲ್ಲಿ ಪ್ರತಿ ಸಂಖ್ಯೆಗೂ 1,000 ಸೇರಿಸಿ ಕೊಡುತ್ತಿದ್ದಾರೆ. ಮೊದಲು 1,000 ಕಳೆದು ಆಮೇಲೆ ಭಾಗಿಸಬೇಕು.

ಕಳೆಯದಿದ್ದರೆ ಏನಾಗುತ್ತದೆ ನೋಡಿ. ತೋಟದ ಒಂದು ಪಿಕ್ಸೆಲ್‌ನಲ್ಲಿ ಬಿ8 (ಕಣ್ಣಿಗೆ ಕಾಣದ ಅವಕೆಂಪು ಬೆಳಕು) 3,500, ಬಿ4 (ಕೆಂಪು ಬೆಳಕು) 1,400 ಇದೆ ಎಂದುಕೊಳ್ಳಿ. ಹಸಿರಿನ ಸೂಚ್ಯಂಕ ಎನ್‌ಡಿವಿಐ ಎಂದರೆ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸುವುದು. ಹಾಗೇ ಲೆಕ್ಕ ಹಾಕಿದರೆ 2,100 ಭಾಗಿಸು 4,900, ಅಂದರೆ 0.43. ಕಳೆದು ಹಾಕಿದರೆ 2,100 ಭಾಗಿಸು 2,900, ಅಂದರೆ 0.72. ಒಣಗಿದ ಕುರುಚಲಿಗೂ ತುಂಬಿದ ತೋಟಕ್ಕೂ ಇರುವ ಅಂತರವಿದು. 2019ರ ಚಿತ್ರವನ್ನೂ 2024ರದ್ದನ್ನೂ ಹೀಗೇ ಹೋಲಿಸಿ "ಐದು ವರ್ಷದಲ್ಲಿ ಹಸಿರು ಕುಸಿಯಿತು" ಎಂದು ಬರೆದರೆ ಪ್ರಬಂಧ ಪೂರ್ತಿ ತಪ್ಪು. ಹಳೆಯ ಚಿತ್ರಗಳನ್ನೂ ಮತ್ತೆ ಸಂಸ್ಕರಿಸಿ ಕೊಟ್ಟಿರುವುದರಿಂದ ತಾರೀಖು ನಂಬಬೇಡಿ. ಫೈಲಿನ ಹೆಸರಿನಲ್ಲಿ ಎನ್ ಅಕ್ಷರದ ಮುಂದಿನ ನಾಲ್ಕು ಅಂಕಿ ನೋಡಿ. 0400 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಳೆಯಬೇಕು.

ಮೋಡ ತೆಗೆಯಲು ಎಲ್2ಎ ಜೊತೆಗೇ ಬರುವ, ಪ್ರತಿ ಪಿಕ್ಸೆಲ್ ಏನೆಂದು ಸಂಖ್ಯೆಯಲ್ಲಿ ಹೇಳುವ ಎಸ್‌ಸಿಎಲ್ ಪದರ ಬಳಸಿ: 3 (ಮೋಡದ ನೆರಳು), 8, 9 (ಮೋಡ), 10 (ತೆಳುಮೋಡ) ಇರುವ ಪಿಕ್ಸೆಲ್‌ಗಳನ್ನು ಖಾಲಿ ಮಾಡಿ. ಘಟ್ಟದಂಚಿನಲ್ಲಿ ಈ ಪದರ ಗುಡ್ಡದ ನೆರಳನ್ನು ಮೋಡದ ನೆರಳು ಅಥವಾ ನೀರು ಎನ್ನುವುದುಂಟು. ಕಣ್ಣಲ್ಲಿ ನೋಡದೆ ಒಪ್ಪಬೇಡಿ.

ಹಂತ 4: ಬ್ಯಾಂಡ್‌ಗಳನ್ನು ಒಟ್ಟುಗೂಡಿಸುವುದು

ಕ್ಯೂಜಿಐಎಸ್‌ನ ರಾಸ್ಟರ್ ಮೆನುವಿನಲ್ಲಿ ಮಿಸಲೇನಿಯಸ್, ಅದರಲ್ಲಿ ಬಿಲ್ಡ್ ವರ್ಚುವಲ್ ರಾಸ್ಟರ್. ರೆಸಲ್ಯೂಶನ್ ಹೈಯೆಸ್ಟ್ ಇಡಿ, 20 ಮೀಟರಿನವು 10 ಮೀಟರ್ ಚೌಕಕ್ಕೆ ಕೂರುತ್ತವೆ. ಪ್ರತಿ ಫೈಲನ್ನೂ ಬೇರೆ ಬ್ಯಾಂಡ್ ಆಗಿ ಇಡುವ ಚೌಕಕ್ಕೆ ಟಿಕ್ ಇದೆಯೇ ನೋಡಿ. ಇಲ್ಲದಿದ್ದರೆ ಎಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ಬ್ಯಾಂಡ್ ಉಳಿಯುತ್ತದೆ. ಹೆಸರಿನ ಪ್ರಕಾರ ಸಾಲಾಗುವಾಗ ಬಿ8ಎ ಬಿ12ರ ನಂತರಕ್ಕೆ ಹೋಗಬಹುದು. ಯಾವ ಸಂಖ್ಯೆ ಯಾವ ಬ್ಯಾಂಡ್ ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಎರಡು ತಾರೀಖಿನ ಹತ್ತತ್ತು ಬ್ಯಾಂಡ್, ಎರಡು ಎನ್‌ಡಿವಿಐ, ಒಟ್ಟು 22 ಪದರ. ಹೋಬಳಿ ಗಡಿಯಿಂದ ಒಂದು ಕಿಲೋಮೀಟರ್ ಆಚೆಗೆ ಕತ್ತರಿಸಿಕೊಳ್ಳಿ. ಪ್ರಕ್ಷೇಪಣ, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಲೆಕ್ಕ, ಇಪಿಎಸ್‌ಜಿ 32643 (ಯುಟಿಎಂ 43 ಉತ್ತರ) ಆಗಿರಲಿ. ಈ ವಲಯದ ನಡುಗೆರೆ 75 ಡಿಗ್ರಿ ರೇಖಾಂಶ ಸಾಗರದ ಪಕ್ಕದಲ್ಲೇ ಹಾಯುವುದರಿಂದ ನಮ್ಮ ಜಿಲ್ಲೆಗೆ ಇದು ಹೇಳಿ ಹೊಲಿಸಿದಂತಿದೆ. ಅಕ್ಷಾಂಶ-ರೇಖಾಂಶದ ಇಪಿಎಸ್‌ಜಿ 4326ರಲ್ಲೇ ಬಿಟ್ಟರೆ ವಿಸ್ತೀರ್ಣ ಚದರ ಡಿಗ್ರಿಯಲ್ಲಿ ಬರುತ್ತದೆ, ಅದನ್ನು ಎಕರೆಗೆ ನೇರವಾಗಿ ತಿರುಗಿಸಲಾಗದು.

ಎತ್ತರದ ಮಾಹಿತಿಯನ್ನೂ 23ನೆಯ ಪದರವಾಗಿ ಹಾಕಬೇಕೇ? ತೋಟಗಳು ಕಣಿವೆಯ ತಳದಲ್ಲಿ, ಕಾನು ಮೇಲೆ ಇರುವುದರಿಂದ ನಿಖರತೆ ಹೆಚ್ಚಿದಂತೆ ಕಾಣುವುದು ನಿಜ. ಆದರೆ ಕಂಪ್ಯೂಟರ್ ಅದನ್ನೇ ಕಲಿತುಬಿಡುತ್ತದೆ: ಕಣಿವೆ ಎಂದರೆ ತೋಟ, ಗುಡ್ಡ ಎಂದರೆ ಕಾಡು. ಬೋರ್‌ವೆಲ್ ನೀರಿನಿಂದ ಗುಡ್ಡದ ಓರೆಗೆ ಏರಿದ ಹೊಸ ತೋಟಗಳು ಆಗ ನಕ್ಷೆಯಿಂದ ಮಾಯ. ತೋಟ ಎಲ್ಲೆಲ್ಲಿ ಹಬ್ಬಿದೆ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಎತ್ತರ ಸೇರಿಸಬೇಡಿ.

ಹಂತ 5: ನೆಲದ ಮೇಲೆ ಮಾದರಿ ಹಿಡಿಯುವುದು

ಕಂಪ್ಯೂಟರ್‌ಗೆ "ಇದು ತೋಟ, ಇದು ಕಾನು" ಎಂದು ತೋರಿಸಿಕೊಡುವ ತುಣುಕುಗಳೇ ತರಬೇತಿ ಮಾದರಿ. ಇಡೀ ನಕ್ಷೆ ನಿಂತಿರುವುದು ಇವುಗಳ ಮೇಲೆ. ಗೂಗಲ್ ಚಿತ್ರ ನೋಡಿ ಲ್ಯಾಬ್‌ನಲ್ಲೇ ಕುಳಿತು ಎಲ್ಲ ಮಾದರಿ ಬರೆದರೆ ಆಗುವ ಅನಾಹುತ ಎರಡು. ಆ ಚಿತ್ರ ತೆಗೆದ ವರ್ಷ ನಿಮ್ಮದಕ್ಕಿಂತ ಹಿಂದಿನದಿರಬಹುದು. ಅಕೇಶಿಯ ನೆಡುತೋಪನ್ನು ಕಾನು ಎಂದು ಗುರುತಿಸುವ ತಪ್ಪನ್ನು ನೀವೇ ಕಂಪ್ಯೂಟರ್‌ಗೆ ಕಲಿಸುತ್ತೀರಿ.

ಪ್ರತಿ ವರ್ಗಕ್ಕೆ 40ರಿಂದ 60 ತುಣುಕು, ಒಂದೊಂದೂ 4ರಿಂದ 9 ಪಿಕ್ಸೆಲ್. ಹೋಬಳಿಯ ಎಲ್ಲ ಮೂಲೆಗಳಿಂದ, ಬಿಸಿಲಿಳಿಜಾರು, ನೆರಳಿಳಿಜಾರು ಎರಡರಿಂದಲೂ ಇರಲಿ. ರಸ್ತೆ ಬದಿಯಲ್ಲೇ ಸಾಗಿದರೆ ರಸ್ತೆ ಬದಿಯ ನಕ್ಷೆಯೇ ಆಗುತ್ತದೆ. ಒಂದೇ ದೊಡ್ಡ ತೋಟದ ಸುತ್ತ 500 ಪಿಕ್ಸೆಲ್‌ನ ಗೆರೆ ಎಳೆದರೆ ಅದು 500 ಮಾದರಿ ಆಗುವುದಿಲ್ಲ, ಒಂದೇ ಮಾದರಿ 500 ಸಲ ಬರೆದಂತೆ.

ಮೊಬೈಲ್ ಜಿಪಿಎಸ್ ತೆರೆದ ಗದ್ದೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ದಟ್ಟ ತೋಟದೊಳಗೆ, ಮರದಡಿ 10-15 ಮೀಟರ್ ಆಚೀಚೆ ಜಾರುವುದು ಸಾಮಾನ್ಯ. 40 ಮೀಟರ್ ಅಗಲದ ತೋಟದಲ್ಲಿ 15 ಮೀಟರ್ ಜಾರಿದರೆ ಬಿಂದು ಪಕ್ಕದ ಬೆಟ್ಟದ ಮೇಲೆ ಕೂರಬಹುದು. ಉಪಾಯ ಇಷ್ಟು: ತೋಟದ ನಟ್ಟನಡುವೆ ನಿಂತು ಎರಡು ನಿಮಿಷ ಕಾಯಿರಿ, ಕ್ಯೂಫೀಲ್ಡ್ ತೋರಿಸುವ ನಿಖರತೆ 5-6 ಮೀಟರ್‌ಗೆ ಇಳಿದ ಮೇಲೆ ಬಿಂದು ಹಾಕಿ, ನಾಲ್ಕೂ ದಿಕ್ಕಿಗೆ ಫೋಟೊ ತೆಗೆಯಿರಿ. ದಿಶಾಂಕ್‌ನಲ್ಲಿ ಕಾಣುವ ಸರ್ವೆ ನಂಬರ್ ಬರೆದುಕೊಳ್ಳಿ. ಲ್ಯಾಬ್‌ಗೆ ಬಂದ ಮೇಲೆ ಬಿಂದುವನ್ನು ಚಿತ್ರದ ಮೇಲಿಟ್ಟು ತುಣುಕಿನ ಗೆರೆಯನ್ನು ಅಂಚಿನಿಂದ ಒಂದು ಪಿಕ್ಸೆಲ್ ಒಳಗೇ ಎಳೆಯಿರಿ.

ಫೀಲ್ಡ್ ಹಾಳೆಯಲ್ಲಿ ಅಡಿಕೆ ತೋಟ ಎಂದಷ್ಟೇ ಬರೆಯಬೇಡಿ. ಮರದ ವಯಸ್ಸು, ಒಳಗೆ ಬಾಳೆ, ಕಾಳುಮೆಣಸು, ಏಲಕ್ಕಿ ಏನಿದೆ, ನೀರು ಹಾಯಿಸುತ್ತಾರೆಯೇ, ಅಂಚಿನಲ್ಲಿ ಯಾವ ಮರ, ಇಷ್ಟೂ ಇರಲಿ. ಪಹಣಿಯ ಬೆಳೆ ಕಾಲಂ ನೋಡಿ ಮಾದರಿ ತುಂಬಬೇಡಿ. ಗದ್ದೆ ಎಂದಿರುವಲ್ಲಿ ತೋಟವಾಗಿ ವರ್ಷಗಳಾಗಿರಬಹುದು.

ತೋಟಕ್ಕೆ ಕಾಲಿಡುವ ಮೊದಲು ಮನೆಯವರನ್ನು ಕೇಳಿ. ಕೈಯಲ್ಲಿ ಮೊಬೈಲ್ ಹಿಡಿದು ಸರ್ವೆ ನಂಬರ್ ಬರೆಯುವವರನ್ನು ಕಂಡರೆ ಯಾರಿಗಾದರೂ ಒತ್ತುವರಿ ಸರ್ವೆಯ ಭಯ ಹುಟ್ಟುತ್ತದೆ. "ಯಜಮಾನ್ರೇ, ಕಾಲೇಜಿನ ಪ್ರಾಜೆಕ್ಟಿಗೆ ತೋಟದ ಫೋಟೊ ಬೇಕಿತ್ತು, ಸರ್ಕಾರದ ಅಳತೆ ಅಲ್ಲ" ಎಂದು ಮೊದಲೇ ಹೇಳಿ, ವಿಭಾಗದ ಪತ್ರ ತೋರಿಸಿ. ತೋಟ ಯಾವಾಗ ಹಾಕಿದ್ದು, ಮೊದಲು ಅಲ್ಲಿ ಏನಿತ್ತು ಎಂಬುದು ಸಿಗುವುದು ಅವರ ಬಾಯಲ್ಲೇ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಲೇಬೇಡಿ.

ಹಂತ 6: ವರ್ಗೀಕರಣ

ತುಣುಕುಗಳಲ್ಲಿ ಶೇ 70ನ್ನು ಕಲಿಸಲು, 30ನ್ನು ಪರೀಕ್ಷಿಸಲು ಬೇರೆ ಮಾಡಿ. ಹಂಚುವಾಗ ಇಡೀ ತುಣುಕನ್ನೇ ಈ ಕಡೆಗೋ ಆ ಕಡೆಗೋ ಹಾಕಬೇಕು. ಒಂದೇ ತುಣುಕಿನ ಅರ್ಧ ಪಿಕ್ಸೆಲ್ ಕಲಿಸಲು, ಅರ್ಧ ಪರೀಕ್ಷೆಗೆ ಎಂದರೆ ಪ್ರಶ್ನೆಪತ್ರಿಕೆ ತೋರಿಸಿ ಪರೀಕ್ಷೆ ಬರೆಸಿದ ಹಾಗೆ, ಶೇ 97 ಬಂದರೂ ಬೆಲೆ ಇಲ್ಲ.

ಎಸ್‌ಸಿಪಿಯಲ್ಲಿ ರ್‍ಯಾಂಡಮ್ ಫಾರೆಸ್ಟ್ ಆರಿಸಿ. ನೂರಾರು ಪುಟ್ಟ ನಿರ್ಣಯ-ಮರಗಳು ಒಂದೊಂದು ಪಿಕ್ಸೆಲ್‌ಗೂ ಮತ ಹಾಕುವ ವಿಧಾನ ಇದು. ಮರಗಳ ಸಂಖ್ಯೆ 300 ಸಾಕು. ಹೋಬಳಿಯಷ್ಟು ಜಾಗಕ್ಕೆ ಇದು ಬೇಗ ಮುಗಿಯುವ ಕೆಲಸ.

ಮೊದಲ ಫಲಿತಾಂಶ ಬಂದಾಗ ಒಂಟಿ ಪಿಕ್ಸೆಲ್‌ಗಳು ಸಾಸಿವೆ ಚೆಲ್ಲಿದಂತೆ ಕಾಣುತ್ತವೆ. ಸೀವ್ ಎಂಬ ಜರಡಿ ಸಾಧನದಿಂದ ಅವನ್ನು ತೆಗೆಯಬಹುದು. ಮಿತಿ 4 ಪಿಕ್ಸೆಲ್, ಅಂದರೆ ನಾಲ್ಕು ಗುಂಟೆ ಮೀರಿಸಬೇಡಿ. ನಕ್ಷೆ ಅಂದವಾಗಲಿ ಎಂದು 20-30ಕ್ಕೆ ಏರಿಸಿದರೆ ಹಳ್ಳದ ಜೊತೆ ಸಾಗುವ ಸಣ್ಣ ತೋಟಗಳು, ಮಳೆನೀರನ್ನೇ ನಂಬಿದ ತುಂಡು ಮಕ್ಕಿಗದ್ದೆಗಳು ಅಳಿಸಿಹೋಗುತ್ತವೆ.

ಹಂತ 7: ಎಷ್ಟು ಸರಿ ಎಂದು ಅಳೆಯುವುದು

ಪ್ರತಿ ವರ್ಗಕ್ಕೆ ಕನಿಷ್ಠ 50 ಪರೀಕ್ಷಾ ಬಿಂದು ಬೇಕು. ಉಳಿಸಿದ ಶೇ 30 ತುಣುಕು ಸಾಲದಿದ್ದರೆ ನಕ್ಷೆಯ ಮೇಲೆ ಯಾದೃಚ್ಛಿಕವಾಗಿ ಬಿಂದು ಹಾಕಿ ಮತ್ತೆ ಹೋಗಿ ನೋಡಿ ಬರಬೇಕು. ನಕ್ಷೆ ಏನೆಂದಿತು, ನೆಲದಲ್ಲಿ ಏನಿತ್ತು ಎಂದು ಅಡ್ಡ-ಉದ್ದ ಕೋಷ್ಟಕ ಮಾಡಿ. ಇದಕ್ಕೆ ಗೊಂದಲ ಕೋಷ್ಟಕ ಎನ್ನುತ್ತಾರೆ.

ಲೆಕ್ಕ ತಿಳಿಯಲು ಹೀಗೆ ಇಟ್ಟುಕೊಳ್ಳಿ: ನಕ್ಷೆ ತೋಟ ಎಂದದ್ದು 60 ಬಿಂದು, ಅವುಗಳಲ್ಲಿ ನಿಜವಾಗಿ ತೋಟ 45, ಕಾನು 9, ನೆಡುತೋಪು 4, ಗದ್ದೆ 2. ನಕ್ಷೆ ನೋಡುವವರ ಕಡೆಯಿಂದ ನಿಖರತೆ 45 ಭಾಗಿಸು 60, ಶೇ 75. ನೆಲದಲ್ಲಿ ನಿಜವಾಗಿ ತೋಟವಿದ್ದ ಬಿಂದು ಒಟ್ಟು 50, ಅದರಲ್ಲಿ ನಕ್ಷೆ ಹಿಡಿದದ್ದು 45. ನಕ್ಷೆ ಮಾಡಿದವರ ಕಡೆಯಿಂದ ನಿಖರತೆ ಶೇ 90. ಎರಡನ್ನೂ ಬರೆಯಿರಿ. ಇಲ್ಲಿ ತೋಟ ತಪ್ಪಿಹೋದದ್ದು ಕಡಿಮೆ, ಕಾನನ್ನು ತೋಟ ಎಂದದ್ದು ಹೆಚ್ಚು. ತೋಟದ ವಿಸ್ತೀರ್ಣ ಇದ್ದದ್ದಕ್ಕಿಂತ ದೊಡ್ಡದಾಗಿ ಬರುತ್ತದೆ ಎಂದರ್ಥ. ಒಟ್ಟು ನಿಖರತೆ ಒಂದನ್ನೇ ಬರೆದರೆ ಇದು ಕಾಣುವುದೇ ಇಲ್ಲ. ನೀರನ್ನು ಯಾರು ಬೇಕಾದರೂ ಸರಿಯಾಗಿ ಹಿಡಿಯುತ್ತಾರೆ, ಹಿನ್ನೀರು ದೊಡ್ಡದಿದ್ದರೆ ಒಟ್ಟು ಅಂಕ ತಾನಾಗಿ ಏರುತ್ತದೆ.

ಕಾನು-ತೋಟದ ಗೊಂದಲ ಹೆಚ್ಚಿದ್ದರೆ ಹಂತ 5ಕ್ಕೆ ಮರಳಿ, ತಪ್ಪಾದ ಜಾಗಗಳಿಂದಲೇ ಹೊಸ ಮಾದರಿ ತನ್ನಿ. ಪರೀಕ್ಷೆಗೆ ಇಟ್ಟ ಬಿಂದುಗಳನ್ನು ಕಲಿಸಲು ಬಳಸಬೇಡಿ.

ಹಂತ 8: ವಿಸ್ತೀರ್ಣ ಮತ್ತು ಮುದ್ರಣ

ಪಿಕ್ಸೆಲ್ ಸಂಖ್ಯೆಯನ್ನು 0.01ರಿಂದ ಗುಣಿಸಿದರೆ ಹೆಕ್ಟೇರ್, 0.0247ರಿಂದ ಗುಣಿಸಿದರೆ ಎಕರೆ. ಹೋಬಳಿ, ಗ್ರಾಮ ಮಟ್ಟಕ್ಕೆ ಈ ಲೆಕ್ಕ ಬಳಸಿ. "ನಮ್ಮ ಸರ್ವೆ ನಂಬರಿನಲ್ಲಿ ತೋಟ ಎಷ್ಟು?" ಎಂದು ಯಾರಾದರೂ ಕೇಳಿದರೆ ಕೊಡಬೇಡಿ. 40 ಮೀಟರ್ ಅಗಲ, 200 ಮೀಟರ್ ಉದ್ದದ ತೋಟ ಎಂದರೆ ಹತ್ತಿರ ಹತ್ತಿರ ಎರಡು ಎಕರೆ, 80 ಪಿಕ್ಸೆಲ್. ಅದರಲ್ಲಿ 44 ಅಂಚಿನವು. ಅರ್ಧಕ್ಕಿಂತ ಹೆಚ್ಚು ಚೌಕಗಳಲ್ಲಿ ಬೇಲಿಯಾಚೆಯ ಬೆಟ್ಟವೋ ಗದ್ದೆಯೋ ಬೆರೆತಿರಬಹುದು. ಗಡಿ ತಕರಾರಿಗೆ ಈ ನಕ್ಷೆ ದಾಖಲೆ ಆಗಲಾರದು.

ಊರ ಹೆಸರುಗಳನ್ನು ಕನ್ನಡದಲ್ಲಿ ಹಾಕುವವರು ಶೇಪ್‌ಫೈಲ್ ಎಂಬ ಫೈಲ್ ಬಗೆಯನ್ನು ಬಿಟ್ಟು ಜಿಯೋಪ್ಯಾಕೇಜ್ ಎಂಬ ಬಗೆಯಲ್ಲಿ ಉಳಿಸಿ. ಶೇಪ್‌ಫೈಲ್‌ನ ಕಾಲಂ ಹೆಸರಿಗೆ 10 ಬೈಟ್ ಮಿತಿ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ಮೂರು ಚಿಹ್ನೆಗೇ ಜಾಗ ಮುಗಿಯುತ್ತದೆ. ಎನ್‌ಕೋಡಿಂಗ್ ತಪ್ಪಿದರೆ ತೀರ್ಥಹಳ್ಳಿ ಇದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಎ3 ಹಾಳೆಯಲ್ಲಿ 1:50,000 ಅಳತೆಗೆ ಸುಮಾರು 21 ಕಿ.ಮೀ.ಗೆ 15 ಕಿ.ಮೀ. ಜಾಗ ಹಿಡಿಯುತ್ತದೆ. ಆ ಹಾಳೆಯಲ್ಲಿ ಒಂದು ಗುಂಟೆ 0.2 ಮಿಲಿಮೀಟರ್‌ನ ಚುಕ್ಕೆ. ತೋಟದ ಪಟ್ಟಿಗಳು ಕಣ್ಣಿಗೆ ಕಾಣಬೇಕಿದ್ದರೆ 1:25,000ಕ್ಕೆ ಹೋಗಿ, ಹೋಬಳಿಯನ್ನು ಎರಡು ಅಥವಾ ನಾಲ್ಕು ಹಾಳೆಗೆ ಹಂಚಿ. ಕಾನು, ತೋಟ, ನೆಡುತೋಪು ಮೂರಕ್ಕೂ ಹಸಿರಿನ ಛಾಯೆಗಳನ್ನೇ ಕೊಡಬೇಡಿ. ಫೋಟೊಕಾಪಿಯಲ್ಲಿ ಮೂರೂ ಒಂದೇ ಬೂದು ಆಗುತ್ತವೆ. ತೋಟಕ್ಕೆ ಕಿತ್ತಳೆ, ನೆಡುತೋಪಿಗೆ ನೇರಳೆ ಕೊಟ್ಟರೆ ಎದ್ದು ಕಾಣುತ್ತವೆ. ಕೆಳಗಿನ ಮೂಲೆಯಲ್ಲಿ ಉತ್ತರ ದಿಕ್ಕು, ಅಳತೆಪಟ್ಟಿ, ಎರಡೂ ಚಿತ್ರಗಳ ತಾರೀಖು, ಪ್ರಕ್ಷೇಪಣ, ತೋಟ ಮತ್ತು ಕಾನಿನ ನಿಖರತೆಯ ಅಂಕಿ, ಜೊತೆಗೆ "ಮಾರ್ಪಡಿಸಿದ ಕೋಪರ್ನಿಕಸ್ ಸೆಂಟಿನೆಲ್ ದತ್ತಾಂಶ" ಎಂಬ ಸಾಲು ಮತ್ತು ಚಿತ್ರದ ವರ್ಷ ಇರಲಿ.